ಆಟ ನಮ್ದು, ಲೈಸೆನ್ಸ್ ಯಾರ್ದು?

1/11

ಮೊನ್ನೆ ಸ್ಟೋರಿಗೆ ಹಾಕಿದ ಇಪ್ಪತ್ತು ಮುಖದ ದಾಳ ನೋಡಿ ಕ್ಲಾಸಲ್ಲಿ ನಾಲ್ಕು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರಿ. "ಇದು ಸ್ಟ್ರೇಂಜರ್ ಥಿಂಗ್ಸ್‌ನಲ್ಲಿ ಬರೋ ಆಟ ಅಲ್ವಾ? ಆ ಕಂಪನಿ ಏನೋ ಕಿರಿಕ್ ಮಾಡ್ತು ಅಂತ ಫ್ಯಾನ್ಸ್ ಎಲ್ಲ ತಿರುಗಿಬಿದ್ರಂತಲ್ಲ, ನೀವ್ಯಾಕೆ ಇನ್ನೂ ಆಡ್ತೀರಿ?"

ಕ್ಯಾಂಟೀನಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸೋ ಉತ್ತರ ನನ್ನ ಹತ್ರ ಇಲ್ಲ. ಅದಕ್ಕೇ ಈ ವಾರದ ಪೋಸ್ಟ್ ಎಲ್ಲಾ ಇದೇ ವಿಷಯ. ರೀಲ್ಸ್ ನೋಡೋ ಮೂಡಲ್ಲಿದ್ರೆ ಸ್ಕಿಪ್ ಮಾಡಿ, ಬೇಜಾರಿಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಚಿಕ್ಕದಾಗಿ ಡಿ ಅಂಡ್ ಡಿ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಹೊರತಂದಿದ್ದು. ಗೊತ್ತಿಲ್ಲದವರಿಗೆ ನಾನು ಹೇಳೋ ರೀತಿ ಇಷ್ಟೇ: ತಾಳಮದ್ದಳೆ ನೋಡಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ, ಎಲ್ಲರೂ ಕೂತೇ ಇರ್ತಾರೆ. ಒಬ್ಬರು ಕೃಷ್ಣ, ಒಬ್ಬರು ಕೌರವ. ಪ್ರಸಂಗ ಗೊತ್ತು, ಆದ್ರೆ ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಡಿ ಅಂಡ್ ಡಿ ಹತ್ತತ್ರ ಹಾಗೇ. ಕಥೆ ನಡೆಸೋ ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್, ಉಳಿದವರು ಒಂದೊಂದು ಪಾತ್ರ. ವ್ಯತ್ಯಾಸ ಏನಂದ್ರೆ ಇಲ್ಲಿ ಯಾರು ಗೆಲ್ತಾರೆ ಅಂತ ವ್ಯಾಸರು ಮೊದಲೇ ಬರೆದಿಟ್ಟಿಲ್ಲ. ಕೌರವ ಗೆದ್ರೂ ಗೆಲ್ಲಬಹುದು. ದಾಳ ಹೇಗೆ ಬೀಳುತ್ತೋ ಹಾಗೆ.

2/11

ಈಗ ಯೋಚನೆ ಮಾಡಿ, ಕಂಪನಿ ಮಾರೋದು ಏನು? ನಿಯಮದ ಪುಸ್ತಕ. ಯಾವಾಗ ಯಾವ ದಾಳ ಹಾಕಬೇಕು, ಕತ್ತಿ ತಾಗಿದ್ರೆ ಎಷ್ಟು ಪ್ರಾಣ ಹೋಗುತ್ತೆ, ಯಾವ ಮಂತ್ರಕ್ಕೆ ಏನು ಫಲ. ರೆಡಿಮೇಡ್ ಕಥೆಗಳನ್ನೂ ಮಾರ್ತಾರೆ, ಬೇಕಾದವರು ತಗೋಬಹುದು. ಉಳಿದಿದ್ದೆಲ್ಲ ಆಡೋರು ಮಾಡ್ಕೊಳ್ಳೋದು.

ಎರಡನೇ ಫೋಟೋದಲ್ಲಿ ಗೋಳಿಬಜೆ ಎಣ್ಣೆ ಕಲೆ ಆಗಿರೋ ಹಾಳೆ ಇದೆಯಲ್ಲ, ಅದು ನನ್ನ ಪಾತ್ರದ್ದು. ಹೆಸರು ಗುಂಡಾಭಟ್ಟ. ಕುಳ್ಳರ ಕುಲದ ಪುರೋಹಿತ, ಕೈಯಲ್ಲಿ ಗದೆ, ಬಾಯಲ್ಲಿ ಲೆಕ್ಕ. ಒಂದು ಸಲ ಸೇತುವೆ ಕಾಯ್ತಿದ್ದ ದೈತ್ಯ "ದಾಟಬೇಕಾದ್ರೆ ನೂರು ಚಿನ್ನದ ನಾಣ್ಯ" ಅಂದ. "ಕೊಡ್ತೀನಪ್ಪ, ಮೊದಲು ಜಿಎಸ್‌ಟಿ ನಂಬರ್ ಇರೋ ರಶೀದಿ ಕೊಡು" ಅಂತ ನಮ್ಮ ಭಟ್ಟರು. ಡಂಜನ್ ಮಾಸ್ಟರ್ ನಗ್ತಾ "ಹಾಕು ದಾಳ" ಅಂದ್ರು. ಬಿತ್ತು ನೋಡಿ 20! ದೈತ್ಯ ತಲೆ ಕೆರ್ಕೊಂಡು ದಾರಿ ಬಿಟ್ಟ. ಈಗಲೂ ನಮ್ಮ ಗುಂಪಲ್ಲಿ ಯಾರಾದ್ರೂ ಟೀ ದುಡ್ಡು ಕೇಳಿದ್ರೆ "ರಶೀದಿ ಎಲ್ಲಿ?" ಅಂತೀವಿ.

ಆ ಸೇತುವೆ ಯಾವ ಪುಸ್ತಕದಲ್ಲೂ ಇಲ್ಲ. ಆ ದೈತ್ಯನ ಪೆದ್ದು ಮುಖವನ್ನ ಯಾವ ಕಂಪನಿಯ ಆರ್ಟಿಸ್ಟೂ ಬರೆದಿಲ್ಲ. ಆದ್ರೂ ಆಟದ ಹೆಸರು ಕೇಳಿದ ತಕ್ಷಣ ನನಗೆ ನೆನಪಾಗೋದು ಅದೇ.

ಇನ್ನೊಂದು ವಿಷಯ. ಈ ಆಟಕ್ಕೆ ಐದು ಜನರ ನಡುವೆ ಒಂದು ಪುಸ್ತಕ ಇದ್ರೆ ಸಾಕು. ಒಬ್ಬನ ಹತ್ರ ಕಾಸ್ಟ್ ಅಕೌಂಟಿಂಗ್ ಟೆಕ್ಸ್ಟ್‌ಬುಕ್ ಇದ್ದು ಇಡೀ ರೂಮು ಪಾಸಾಗಲ್ವಾ, ಹಾಗೆ. ಇದನ್ನ ನೆನಪಿಟ್ಕೊಂಡಿರಿ, ಮುಂದೆ ಬೇಕಾಗುತ್ತೆ.

3/11

ಸ್ವಲ್ಪ ಹಳೇ ಕಥೆ. ಬೋರ್ ಆಗದ ಹಾಗೆ ಹೇಳ್ತೀನಿ.

ಮೊದಲು ಈ ಆಟ ಟಿಎಸ್‌ಆರ್ ಅನ್ನೋ ಕಂಪನಿ ಕೈಯಲ್ಲಿತ್ತು. 1990ರ ದಶಕದಲ್ಲಿ ಇಂಟರ್ನೆಟ್ ಬಂದಾಗ ಫ್ಯಾನ್ಸ್ ತಾವೇ ಹುಟ್ಟಿಸಿದ ರಾಕ್ಷಸರು, ಕಥೆಗಳನ್ನ ಅಲ್ಲಿ ಹಂಚೋಕೆ ಶುರು ಮಾಡಿದ್ರು. ಕಂಪನಿ ಅವರಿಗೇ ಕಾನೂನಿನ ಹೆದರಿಕೆ ಹಾಕ್ತು. 'ಸದಾ ಕೇಸ್ ಹಾಕೋರು' ಅಂತ ಅರ್ಥ ಬರೋ ಹಾಗೆ ಆ ಮೂರಕ್ಷರವನ್ನೇ ಬಿಡಿಸಿ ಹೇಳಿ ನಗ್ತಿದ್ರಂತೆ ಜನ. 1997ರಲ್ಲಿ ಟಿಎಸ್‌ಆರ್ ಕೈ ಸೋತು ಕೂತಾಗ ವಿಝರ್ಡ್ಸ್ ಆಫ್ ದಿ ಕೋಸ್ಟ್ ಅದನ್ನ ಕೊಂಡ್ಕೊಳ್ತು. 1999ರಲ್ಲಿ ಆ ವಿಝರ್ಡ್ಸನ್ನ ಹ್ಯಾಸ್ಬ್ರೋ ಕೊಂಡ್ಕೊಳ್ತು. ಹೌದು, ಮೊನೊಪಲಿಯ ಹ್ಯಾಸ್ಬ್ರೋ.

2000ದಲ್ಲಿ ಆಟದ ಮೂರನೇ ಆವೃತ್ತಿ ಬಂತು. ಜೊತೆಗೇ ಬಂತು ಓಪನ್ ಗೇಮ್ ಲೈಸೆನ್ಸ್, ಓಜಿಎಲ್. ವಿಝರ್ಡ್ಸಲ್ಲಿ ಆಗ ಇದರ ಹಿಂದೆ ಇದ್ದವರು ರಯನ್ ಡ್ಯಾನ್ಸಿ. ಅವರ ಲೆಕ್ಕ ಸರಳ: ನಮ್ಮ ನಿಯಮದ ಮುಖ್ಯ ಭಾಗವನ್ನ ಯಾರು ಬೇಕಾದ್ರೂ ಬಳಸಿ ಪುಸ್ತಕ ಬರೀಲಿ, ಮಾರಲಿ, ನಮಗೆ ಒಂದು ಪೈಸೆ ಕೊಡೋದು ಬೇಡ. ಎಷ್ಟು ಜನ ಈ ನಿಯಮದ ಸುತ್ತ ಬರೀತಾರೋ ಅಷ್ಟು ಜನರಿಗೆ ನಮ್ಮ ಮೂಲ ಪುಸ್ತಕ ಬೇಕಾಗುತ್ತೆ. ಜಾತ್ರೆಗೆ ಜಾಗ ಫ್ರೀ ಬಿಟ್ರೆ ಅಂಗಡಿ ಬರುತ್ತೆ, ಅಂಗಡಿ ಬಂದ್ರೆ ಜನ ಬರ್ತಾರೆ, ಜನ ಬಂದ್ರೆ ಹುಂಡಿ ತುಂಬುತ್ತೆ.

ತುಂಬಿತು ಕೂಡ. ಸಣ್ಣ ಸಣ್ಣ ಪ್ರಕಾಶಕರು ಹುಟ್ಟಿಕೊಂಡ್ರು. 2008ರಲ್ಲಿ ನಾಲ್ಕನೇ ಆವೃತ್ತಿಗೆ ವಿಝರ್ಡ್ಸ್ ಬೇರೆ ಬಿಗಿ ಲೈಸೆನ್ಸ್ ತಂದಾಗ ಪೈಝೋ ಅನ್ನೋ ಕಂಪನಿ ಹಳೇ ಮುಕ್ತ ನಿಯಮದ ಮೇಲೇ ಪಾತ್‌ಫೈಂಡರ್ ಅಂತ ತನ್ನದೇ ಆಟ ಕಟ್ಟಿ 2009ರಲ್ಲಿ ಎದುರು ಅಂಗಡಿ ಹಾಕ್ತು. ಪೆಟ್ಟು ತಿಂದ ವಿಝರ್ಡ್ಸ್, 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮಗಳನ್ನ 2016ರಲ್ಲಿ ಮತ್ತೆ ಓಜಿಎಲ್ ಕೆಳಗೇ ಬಿಟ್ಟುಕೊಡ್ತು. ಆಮೇಲಿನದ್ದು ನಿಮಗೂ ಗೊತ್ತು. ಸ್ಟ್ರೇಂಜರ್ ಥಿಂಗ್ಸ್ ಬಂತು, ಕ್ರಿಟಿಕಲ್ ರೋಲ್ ಅಂತ ಆಡೋದನ್ನೇ ಲೈವ್ ತೋರಿಸೋ ಶೋ ಹಿಟ್ ಆಯ್ತು, ಲಾಕ್‌ಡೌನಲ್ಲಿ ಮನೇಲಿ ಕೂತ ಹುಡುಗರೆಲ್ಲ ಆನ್‌ಲೈನಲ್ಲಿ ಆಡೋಕೆ ಶುರು ಮಾಡಿದ್ರು.

ನಮ್ಮ ಡಂಜನ್ ಮಾಸ್ಟರ್ ಕೂಡ ಆ ಲಾಕ್‌ಡೌನ್ ಬ್ಯಾಚೇ. ಈಗ ಎಂಕಾಂ ಮಾಡ್ತಿದ್ದಾರೆ, ನಮಗೆಲ್ಲ ಅಣ್ಣ. ಹೆಸರು ಹಾಕೋದು ಬೇಡ ಅಂದಿದ್ದಾರೆ.

4/11

2022ರ ಡಿಸೆಂಬರ್. ಹೂಡಿಕೆದಾರರ ಜೊತೆಗಿನ ಒಂದು ಮಾತುಕತೆಯಲ್ಲಿ ಹ್ಯಾಸ್ಬ್ರೋ ಸಿಇಓ ಕ್ರಿಸ್ ಕಾಕ್ಸ್, ವಿಝರ್ಡ್ಸ್ ಮುಖ್ಯಸ್ಥೆ ಸಿಂಥಿಯಾ ವಿಲಿಯಮ್ಸ್ ಇದ್ರು. ಅಲ್ಲಿ ಡಿ ಅಂಡ್ ಡಿ ಬಗ್ಗೆ ಒಂದು ಪದ ಬಂತು: 'ಅಂಡರ್ ಮಾನಿಟೈಸ್ಡ್'. ಅಂದ್ರೆ ಹಾಲು ಇನ್ನೂ ಇದೆ, ಪೂರ್ತಿ ಕರೆದಿಲ್ಲ. ಆಡೋರಲ್ಲಿ ಡಂಜನ್ ಮಾಸ್ಟರುಗಳು ಸುಮಾರು 20% ಅಷ್ಟೇ, ಆದ್ರೆ ದುಡ್ಡು ಹೆಚ್ಚಾಗಿ ಬರೋದು ಅವರಿಂದಲೇ, ಉಳಿದ ಆಟಗಾರರಿಂದ ಬರ್ತಿಲ್ಲ ಅನ್ನೋದು ಅವರ ಮಾತಿನ ಸಾರ.

ಬಿಕಾಂ ವಿದ್ಯಾರ್ಥಿಯಾಗಿ ಹೇಳ್ತೀನಿ, ಇದರಲ್ಲಿ ಪಾಪದ ಮಾತೇನೂ ಇಲ್ಲ. ಕಂಪನಿ ಇರೋದೇ ಲಾಭಕ್ಕೆ. ನಾಳೆ ನಮ್ಮಲ್ಲೇ ಯಾರಾದ್ರೂ ಆ ಸೀಟಲ್ಲಿ ಕೂತ್ರೆ ಅದೇ ಸ್ಲೈಡ್ ಮಾಡ್ತೀವಿ, ಪೈ ಚಾರ್ಟ್ ಸಮೇತ.

ಆದ್ರೆ ಅದೇ ಮಾತನ್ನ ಟೇಬಲ್ಲಿನ ಈ ಕಡೆ ಕೂತು ಕೇಳಿ. ಒಂದೇ ಪುಸ್ತಕದಲ್ಲಿ ಐದು ಜನ ಅಂತ ಆಗ ಹೇಳಿದ್ನಲ್ಲ? ಅವರ ಲೆಕ್ಕದಲ್ಲಿ ಅದು ನಾಲ್ಕು ಜನರಿಂದ ಬರದೇ ಹೋದ ದುಡ್ಡು. ನಮ್ಮ ಲೆಕ್ಕದಲ್ಲಿ ಅದು ಅಣ್ಣ ಟ್ಯೂಷನ್ ಹೇಳಿ ಉಳಿಸಿದ ದುಡ್ಡಲ್ಲಿ ತಂದ ಪುಸ್ತಕ, ನಮಗೆಲ್ಲ ಓದೋಕೆ ಕೊಟ್ಟಿದ್ದು. ಒಂದೇ ಸಂಗತಿ. ಅವರ ಕಡೆ ಸೋರಿಕೆ, ನಮ್ಮ ಕಡೆ ಸ್ನೇಹ.

ಪಿಯುನಲ್ಲಿ ಗುಡ್‌ವಿಲ್ ಲೆಕ್ಕ ಮಾಡಿದ್ದು ನೆನಪಿದೆಯಾ? ಸೂಪರ್ ಪ್ರಾಫಿಟ್ ಮೆಥಡ್, ಅದೂ ಇದೂ. ಆಗ ಮೇಷ್ಟ್ರು ಒಂದು ಮಾತು ಹೇಳಿರ್ತಾರೆ: ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರುತ್ತೆ, ತಾನಾಗಿ ಬೆಳೆದಿದ್ದು ಬ್ಯಾಲೆನ್ಸ್ ಶೀಟಲ್ಲಿ ಕಾಣಲ್ಲ. ಇಡೀ ಗಲಾಟೆ ನನಗೆ ಅರ್ಥ ಆಗಿದ್ದು ಈ ಒಂದು ಸಾಲಿಂದ. 2022ರಲ್ಲಿ ಹ್ಯಾಸ್ಬ್ರೋ ಡಿ ಅಂಡ್ ಡಿ ಬಿಯಾಂಡ್ ಅನ್ನೋ ಆನ್‌ಲೈನ್ ಸೇವೆಯನ್ನ 14.63 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಳ್ತು. ಅದು ಲೆಕ್ಕದಲ್ಲಿ ಕಾಣುತ್ತೆ. ಐವತ್ತು ವರ್ಷದಿಂದ ಯಾರ್ಯಾರೋ ಅಡುಗೆಮನೆ ಟೇಬಲ್ ಸುತ್ತ ಕೂತು ಕಟ್ಟಿದ ಪ್ರೀತಿ ಕಾಣಲ್ಲ. ಕಾಣದ ಆಸ್ತಿ ಕರಗಿದ್ರೂ ಗೊತ್ತಾಗೋದು ತಡವಾಗಿಯೇ.

5/11

2023ರ ಜನವರಿ 5. ಗಿಝ್ಮೋಡೋದಲ್ಲಿ ಲಿಂಡಾ ಕೊಡೇಗಾ ಅನ್ನೋ ವರದಿಗಾರರ ಸುದ್ದಿ: ವಿಝರ್ಡ್ಸ್ ಹೊಸ ಲೈಸೆನ್ಸ್ ತಯಾರು ಮಾಡಿದೆ, ಅದರ ಕರಡು ಸೋರಿದೆ. ಹೆಸರು ಓಜಿಎಲ್ 1.1.

ಅದರಲ್ಲಿ ಏನಿತ್ತು ಅಂದ್ರೆ, ಈ ನಿಯಮದ ಮೇಲೆ ಪುಸ್ತಕ ಮಾಡೋರು ವರ್ಷಕ್ಕೆ 50,000 ಡಾಲರ್ ದಾಟಿದ್ರೆ ಲೆಕ್ಕ ಒಪ್ಪಿಸಬೇಕು. 7,50,000 ಡಾಲರ್ ದಾಟಿದ್ರೆ, ದಾಟಿದ ಭಾಗಕ್ಕೆ 25% ರಾಯಲ್ಟಿ ಕೊಡಬೇಕು. ಕಿಕ್‌ಸ್ಟಾರ್ಟರ್ ಮೂಲಕ ಬಂದಿದ್ರೆ 20%.

"ದೊಡ್ಡವರಿಗೆ ತಾನೆ, ಕೊಡಲಿ ಬಿಡು" ಅಂತ ಅನ್ಸುತ್ತೆ ಅಲ್ವಾ? ನಿಲ್ಲಿ. ಇದು ಲಾಭದ ಮೇಲಲ್ಲ, ವಸೂಲಾದ ಒಟ್ಟು ಹಣದ ಮೇಲೆ. ಪೆನ್ನು ತಗೊಳ್ಳಿ. ಒಂದು ಪುಸ್ತಕದ ಕಂಪನಿ ವರ್ಷಕ್ಕೆ 10,00,000 ಡಾಲರ್ ವ್ಯಾಪಾರ ಮಾಡ್ತು ಅಂದ್ಕೊಳ್ಳಿ. ಮುದ್ರಣ, ಚಿತ್ರ, ಸಾಗಾಟ, ಸಂಬಳ ಎಲ್ಲ ಕಳೆದು 5% ಉಳೀತು ಅಂದ್ರೆ ಲಾಭ 50,000. ರಾಯಲ್ಟಿ? 7,50,000 ಮೇಲಿನ 2,50,000ಕ್ಕೆ 25%, ಅಂದ್ರೆ 62,500. ಲಾಭ ಪೂರ್ತಿ ಕೊಟ್ಟು ಮೇಲಿಂದ 12,500 ಕೈಯಿಂದ ಹಾಕಬೇಕು. 5% ಅನ್ನೋದು ನಾನು ಉದಾಹರಣೆಗೆ ತಗೊಂಡಿದ್ದು. ಆದ್ರೆ ರಾಯಲ್ಟಿಯನ್ನ ಲಾಭದ ಬದಲು ವಸೂಲಿಯ ಮೇಲೆ ಹಾಕಿದ್ರೆ ಏನಾಗುತ್ತೆ ಅಂತ ಸೆಕೆಂಡ್ ಸೆಮ್ ಹುಡುಗರೂ ಹೇಳ್ತಾರೆ.

ನಿಜ ಹೇಳ್ಬೇಕಂದ್ರೆ, ಜನರಿಗೆ ಉರಿದಿದ್ದು ದುಡ್ಡಿಗಲ್ಲ. ಇನ್ನೆರಡು ವಿಷಯಕ್ಕೆ.

6/11

ಮೊದಲನೇದು: ಈ ಲೈಸೆನ್ಸ್ ಕೆಳಗೆ ನೀವು ಏನೇ ಬರೆದ್ರೂ ಅದು ನಿಮ್ಮದೇ, ಆದ್ರೆ ವಿಝರ್ಡ್ಸ್ ಅದನ್ನ ಯಾವತ್ತು ಬೇಕಾದ್ರೂ, ಹೇಗೆ ಬೇಕಾದ್ರೂ ಬಳಸಬಹುದು. ನಿಮಗೆ ದುಡ್ಡು ಕೊಡೋದೂ ಬೇಡ, ಕೇಳೋದೂ ಬೇಡ. ಗುಂಡಾಭಟ್ಟನ ಸೇತುವೆಯನ್ನ ನಾನು ಪುಸ್ತಕ ಮಾಡಿದ್ರೆ ಆ ದೈತ್ಯ ಅವರಿಗೂ ಫ್ರೀ.

ಎರಡನೇದು: ಹಳೇ ಲೈಸೆನ್ಸ್ ಇನ್ನು ನಡೆಯಲ್ಲ ಅನ್ನೋದು. ಇಲ್ಲಿದೆ ನೋಡಿ ಮಜಾ. 2000ದ ಲೈಸೆನ್ಸಲ್ಲಿ 'ಶಾಶ್ವತ' ಅಂತ ಇತ್ತು, 'ರಾಯಲ್ಟಿ ಇಲ್ಲ' ಅಂತ ಇತ್ತು. 'ಹಿಂಪಡೆಯಲಾಗದ' ಅನ್ನೋ ಒಂದು ಪದ ಇರಲಿಲ್ಲ. ಜೊತೆಗೆ, ಲೈಸೆನ್ಸಿನ ಯಾವುದೇ 'ಅಧಿಕೃತ' ಆವೃತ್ತಿ ಬಳಸಬಹುದು ಅನ್ನೋ ಒಂದು ಸಾಲು ಇತ್ತು. ಆ 'ಅಧಿಕೃತ'ವನ್ನ ಹಿಡ್ಕೊಂಡು, ಹಳೇದು ಇನ್ಮೇಲೆ ಅಧಿಕೃತ ಅಲ್ಲ ಅಂತ ಹೇಳೋಕೆ ಹೊರಟಿದ್ರು. ಬಿಸಿನೆಸ್ ಲಾ ಕ್ಲಾಸಲ್ಲಿ ನಿದ್ದೆ ಮಾಡೋರು ಗಮನಿಸಿ.

ಇದಕ್ಕೆ ಫ್ಯಾನ್ಸ್ ತೋರಿಸಿದ್ದು ಕಂಪನಿಯದ್ದೇ ಹಳೇ ವಿವರಣೆ. ನಾವು ಮುಂದೆ ಲೈಸೆನ್ಸ್ ಬದಲಾಯಿಸಿದ್ರೂ ನಿಮಗೆ ಇಷ್ಟ ಆಗದಿದ್ರೆ ಹಳೇದನ್ನೇ ಮುಂದುವರಿಸಬಹುದು ಅಂತ ಆ ಕಾಲದಲ್ಲಿ ವಿಝರ್ಡ್ಸೇ ಬರೆದಿಟ್ಟಿತ್ತು. ಆ ಮಾತು ನಂಬಿ ಜನ ಸಾಲ ಮಾಡಿದ್ರು, ಕೆಲಸ ಬಿಟ್ಟು ಪುಸ್ತಕ ಬರೆದ್ರು, ಮನೆ ನಡೆಸಿದ್ರು. ಇಪ್ಪತ್ತೆರಡು ವರ್ಷ ಆದ್ಮೇಲೆ ಬೇಲಿಯೇ ಎದ್ದು ಹೊಲ ಮೇಯೋಕೆ ಬಂತು.

ಕಾನೂನಿನ ಪ್ರಕಾರ ಕೋರ್ಟಲ್ಲಿ ಏನಾಗ್ತಿತ್ತು ಅನ್ನೋದು ಬೇರೆ ವಿಷಯ, ಅಲ್ಲಿಗೆ ಹೋಗಲೇ ಇಲ್ಲ. ಪ್ರೀತಿ ಮಾತ್ರ ಕೋರ್ಟಿನ ಡೇಟಿಗೆ ಕಾಯಲ್ಲ.

7/11

ಮುಂದಿನ ಮೂರು ವಾರ ನಡೆದಿದ್ದು ನಮ್ಮ ಸಿಲೆಬಸ್ಸಿಗೆ ಸೇರಿಸಬೇಕು.

ಒಂದು ವಾರ ಕಂಪನಿ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಫ್ಯಾನ್ಸ್ ಎಲ್ಲಿ ಚುಚ್ಚಿದ್ರೆ ನೋವಾಗುತ್ತೆ ಅಂತ ಕಂಡುಹಿಡಿದಿದ್ರು: ಡಿ ಅಂಡ್ ಡಿ ಬಿಯಾಂಡ್ ಚಂದಾ. ತಿಂಗಳು ತಿಂಗಳು ಬರೋ ದುಡ್ಡು ಹೂಡಿಕೆದಾರರಿಗೆ ತೋರಿಸೋ ದುಡ್ಡು. ಬೈಗುಳ ಬೇಡ, ಚಂದಾ ರದ್ದು ಮಾಡಿ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡ್ರು. ಅಣ್ಣ ಕೂಡ ರದ್ದು ಮಾಡಿದ್ರು. ಅವರ ಒಂದು ಚಂದಾದಲ್ಲಿ ಅವರ ಆಗಿನ ಗುಂಪಿನ ಐವರೂ ಆಡ್ತಿದ್ರು. "ಬಟನ್ ಒತ್ತೋವಾಗ ಕಂಪನಿ ನೆನಪಾಗ್ಲಿಲ್ಲ ಮಾರಾಯ, ನಮ್ಮ ಐದು ಜನರ ಪಾತ್ರದ ಹಾಳೆಗಳೇ ನೆನಪಾದ್ವು" ಅಂತ ಒಮ್ಮೆ ಹೇಳಿದ್ರು.

ಜನವರಿ 12ಕ್ಕೆ ಪೈಝೋ ಮುಂದೆ ಬಂತು. ಕೋಬೋಲ್ಡ್ ಪ್ರೆಸ್, ಕೇಯೋಸಿಯಮ್, ಗ್ರೀನ್ ರೋನಿನ್ ಥರದ ಪ್ರಕಾಶಕರ ಜೊತೆ ಸೇರಿ, ಯಾವ ಒಂದು ಕಂಪನಿಯ ಕೈಯಲ್ಲೂ ಇರದ ಓಆರ್‌ಸಿ ಅನ್ನೋ ಹೊಸ ಮುಕ್ತ ಲೈಸೆನ್ಸ್ ಮಾಡ್ತೀವಿ ಅಂತು. ಎಂಟು ತಿಂಗಳಿಗೆ ಸಾಕು ಅಂದ್ಕೊಂಡಿದ್ದ ಪಾತ್‌ಫೈಂಡರ್ ಮೂಲ ಪುಸ್ತಕ ಎರಡು ವಾರದಲ್ಲಿ ಖಾಲಿ ಆಯ್ತು ಅಂತ ಅದೇ ಕಂಪನಿ ಹೇಳ್ತು. 13ಕ್ಕೆ ವಿಝರ್ಡ್ಸ್ ಕೊನೆಗೂ ಮಾತಾಡ್ತು. ಹೇಗೆ? ನೀವು ಗೆದ್ರಿ, ನಾವೂ ಗೆದ್ವಿ ಅನ್ನೋ ಧಾಟಿಯಲ್ಲಿ. ಎಲ್‌ಬಿಡಬ್ಲ್ಯೂ ಆದ್ಮೇಲೂ ಕ್ರೀಸ್ ಬಿಡದೆ ನಿಂತು ಅಂಪೈರಿಗೆ ಕೈ ಕುಲುಕೋ ಗಲ್ಲಿ ಕ್ರಿಕೆಟ್ ಬ್ಯಾಟ್ಸ್‌ಮನ್ ನೆನಪಾದ ನನಗೆ.

19ಕ್ಕೆ ಇನ್ನೊಂದು ಕರಡು, ಓಜಿಎಲ್ 1.2, ಜೊತೆಗೆ ಸಮೀಕ್ಷೆ. 15,000ಕ್ಕೂ ಹೆಚ್ಚು ಜನ ಉತ್ತರ ಕೊಟ್ರು. ಹೊಸ ಲೈಸೆನ್ಸ್ ಕೆಳಗೆ ಪುಸ್ತಕ ತರೋಕೆ ಇಷ್ಟ ಇಲ್ಲ ಅಂದವರು 88%. ಹಳೇದನ್ನ ರದ್ದು ಮಾಡೋದು ಒಪ್ಪಿಗೆ ಇಲ್ಲ ಅಂದವರು 89%.

27ನೇ ತಾರೀಕು ವಿಝರ್ಡ್ಸ್ ಪೂರ್ತಿ ಹಿಂದೆ ಸರೀತು. ಹಳೇ ಓಜಿಎಲ್ ಹಾಗೇ ಇರುತ್ತೆ. ಅಷ್ಟೇ ಅಲ್ಲ, ಐದನೇ ಆವೃತ್ತಿಯ ಮೂಲ ನಿಯಮಗಳ ಕಡತ, ಎಸ್‌ಆರ್‌ಡಿ 5.1 ಅಂತಾರೆ, ಅದನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ಒಪ್ಪಿಸಿಬಿಡ್ತು. ಆ ಲೈಸೆನ್ಸ್ ಬರೆದಿರೋದು ವಿಝರ್ಡ್ಸ್ ಅಲ್ಲ, ಹೊರಗಿನ ಸಂಸ್ಥೆ. ಇವರು ತಿದ್ದೋಕಾಗಲ್ಲ. ಮತ್ತೆ ಅದರಲ್ಲಿ ಆ ಪದ ಇದೆ. 'ಹಿಂಪಡೆಯಲಾಗದ'.

ಫ್ಯಾನ್ಸ್ ಕೇಳಿದ್ದಕ್ಕಿಂತ ಜಾಸ್ತಿನೇ ಸಿಕ್ತು. ಇಪ್ಪತ್ತೆರಡು ದಿನದಲ್ಲಿ.

8/11

ಸಿನಿಮಾ ಆಗಿದ್ರೆ ಇಲ್ಲಿಗೆ ಶುಭಂ.

ಆದ್ರೆ ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಒಂದು ಸಲ ಅನುಮಾನ ಹುಟ್ಟಿದ ಮೇಲೆ ಕಂಪನಿಯ ಪ್ರತಿ ಹೆಜ್ಜೆಯನ್ನೂ ಜನ ಅದೇ ಕಣ್ಣಲ್ಲಿ ನೋಡ್ತಾರೆ. 2023ರ ಏಪ್ರಿಲಲ್ಲಿ ವಿಝರ್ಡ್ಸಿನ ಇನ್ನೊಂದು ಆಟ ಮ್ಯಾಜಿಕ್‌ನ ಕಾರ್ಡುಗಳು ಬಿಡುಗಡೆಗೆ ಮೊದಲೇ ಒಬ್ಬ ಯೂಟ್ಯೂಬರ್ ಕೈಗೆ ಸಿಕ್ವು. ವಾಪಸ್ ತರೋಕೆ ಕಂಪನಿ ಅವರ ಮನೆಗೆ ಕಳಿಸಿದ್ದು ಯಾರನ್ನ? ಪಿಂಕರ್ಟನ್ ಏಜೆಂಟರನ್ನ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಕಾರ್ಮಿಕರ ಮುಷ್ಕರ ಮುರಿಯೋಕೆ ಹೋಗಿ ಕುಖ್ಯಾತಿ ಪಡೆದ ಖಾಸಗಿ ಏಜೆನ್ಸಿ ಅದು. ರಟ್ಟಿನ ಕಾರ್ಡಿಗೆ!

ಅದೇ ವರ್ಷ ಡಿ ಅಂಡ್ ಡಿ ನಿಯಮದ ಮೇಲೆ ಲೇರಿಯನ್ ಸ್ಟುಡಿಯೋಸ್ ಮಾಡಿದ ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್‌ಗೆ ಡಿಸೆಂಬರಲ್ಲಿ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಬಂತು. ಕೆಲವೇ ದಿನದಲ್ಲಿ ಹ್ಯಾಸ್ಬ್ರೋ ಸುಮಾರು 1,100 ಜನರನ್ನ ಕೆಲಸದಿಂದ ತೆಗೀತೀವಿ ಅಂತು. ಕ್ರಿಸ್‌ಮಸ್‌ಗೆ ಎರಡು ವಾರ ಇರೋವಾಗ. ವಿಝರ್ಡ್ಸಲ್ಲಿ ಈ ಆಟದ ಮೇಲೆ ಕೆಲಸ ಮಾಡ್ತಿದ್ದವರೂ ಅದರಲ್ಲಿದ್ರು.

ಇದು ನನ್ನನ್ನ ತುಂಬಾ ಯೋಚನೆಗೆ ಹಚ್ಚಿದ ಭಾಗ. 'ಕಂಪನಿ' ಅಂತ ನಾವು ಬೈಯೋವಾಗ ಬೈಸ್ಕೊಳ್ಳೋದು ಯಾರು? ಲೈಸೆನ್ಸ್ ಕರಡು ಬರೆಸಿದವರು ಬೇರೆ, ಡ್ರ್ಯಾಗನ್ನಿನ ರೆಕ್ಕೆಗೆ ಬಣ್ಣ ಹಾಕಿದವರು ಬೇರೆ. ಎರಡನೇಯವರು ಹೆಚ್ಚಾಗಿ ನಮ್ಮ ಥರದ ಫ್ಯಾನ್ಸೇ, ಚಿಕ್ಕ ವಯಸ್ಸಲ್ಲಿ ಆಡಿ ಆಡಿ ಅಲ್ಲಿಗೆ ಸೇರಿದವರು. ಕಂಪನಿ ಎಡವಿದಾಗ ಮೊದಲು ಬೈಗುಳ ತಿನ್ನೋದೂ ಅವರೇ, ಲಾಭ ಕಮ್ಮಿ ಆದಾಗ ಮೊದಲು ಮನೆಗೆ ಹೋಗೋದೂ ಅವರೇ.

ಇನ್ನು, ಫ್ಯಾನ್ಸ್ ಎಲ್ಲ ಬಿಟ್ಟುಹೋದ್ರು ಅನ್ನೋದು ನಿಜ ಅಲ್ಲ. 2024ರ ಸೆಪ್ಟೆಂಬರಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂದಾಗ, ನಮ್ಮ ಇತಿಹಾಸದಲ್ಲೇ ಅತಿ ಬೇಗ ಮಾರಾಟ ಆದ ಡಿ ಅಂಡ್ ಡಿ ಪುಸ್ತಕ ಇದು ಅಂತ ವಿಝರ್ಡ್ಸ್ ಹೇಳ್ಕೊಳ್ತು. ಕ್ರಿಟಿಕಲ್ ರೋಲ್‌ನವರು 2025ರಲ್ಲಿ ಡ್ಯಾಗರ್‌ಹಾರ್ಟ್ ಅಂತ ಸ್ವಂತ ಆಟ ತಂದ್ರು, ವಿಝರ್ಡ್ಸ್ ಬಿಟ್ಟು ಬಂದ ಜೆರೆಮಿ ಕ್ರಾಫರ್ಡ್, ಕ್ರಿಸ್ ಪರ್ಕಿನ್ಸ್ ಅವರನ್ನೂ ಸೇರಿಸ್ಕೊಂಡ್ರು, ಆದ್ರೂ ತಮ್ಮ ನಾಲ್ಕನೇ ದೊಡ್ಡ ಕಥೆಗೆ ಮತ್ತೆ ಡಿ ಅಂಡ್ ಡಿಯನ್ನೇ ಆರಿಸಿದ್ರು. ಜನ ಹಾಗೇ. ಮುನಿಸು ಇರುತ್ತೆ, ಬಳಕೆ ಬಿಡಲ್ಲ.

9/11

ಈಗ ನಮ್ಮ ಟೇಬಲ್ ಕಥೆ. ಇದನ್ನ ಬರೀಲೋ ಬೇಡ್ವೋ ಅಂತ ಇಬ್ಬರನ್ನೂ ಕೇಳೇ ಬರೀತಿದ್ದೀನಿ.

ನಮ್ಮ ಗುಂಪಿನ ತಂಗಿಯೊಬ್ಬಳು, ಎಲ್ಲರಿಗಿಂತ ಚಿಕ್ಕವಳು, ಮಕ್ಕಳಿಗೆ ಟ್ಯೂಷನ್ ಹೇಳಿ ಎರಡು ತಿಂಗಳು ದುಡ್ಡು ಕೂಡಿಸಿ 2024ರ ಹೊಸ ಹ್ಯಾಂಡ್‌ಬುಕ್ ತರಿಸಿದ್ಲು. ಅಣ್ಣ ಹುಟ್ಟುಹಬ್ಬಕ್ಕೆ. ಅಣ್ಣನಿಗೆ ಕೊಡೋಕೆ ಅಂತ. ಪ್ಯಾಕ್ ಬಿಚ್ಚಿದ ಅಣ್ಣ ಕವರ್ ನೋಡಿ ಸುಮ್ಮನಾದ್ರು. ಆಮೇಲೆ ಮೆಲ್ಲಗೆ, "ಆ ಕಂಪನಿಗೆ ಇನ್ನೊಂದು ರೂಪಾಯಿ ಹೋಗಬಾರದು ಅಂತ ಇದ್ದೆ. ನಿನ್ನ ದುಡ್ಡು ಹೋಯ್ತಲ್ಲ ಮಾರಾಯ್ತಿ" ಅಂದ್ರು.

ಅವಳ ಮುಖ ನೋಡೋಕಾಗ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಹೇಳಿದ್ಲು, "ಅಣ್ಣ, ಆ ಗಲಾಟೆ ಆಗೋವಾಗ ನಾನು ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಬರೀತಿದ್ದೆ. ನಿಮ್ಮ ಸಿಟ್ಟು ನಿಮ್ದು. ನನಗೆ ಈ ಆಟ ಅಂದ್ರೆ ನೀವು ಕಲಿಸಿದ್ದು. ಅಷ್ಟೇ."

ನಾನೂ ಆಗ ಪಿಯು. ಓಜಿಎಲ್ ಅಂದ್ರೆ ಏನು ಅಂತಾನೂ ಗೊತ್ತಿರಲಿಲ್ಲ. ನಮ್ಮಂಥವರಿಗೆ ಈ ಸಿಟ್ಟು ಪಿತ್ರಾರ್ಜಿತ ಆಸ್ತಿ ಥರ ಬಂದಿದ್ದು, ನಾವು ದುಡಿದದ್ದಲ್ಲ. ಹಾಗಂತ ಅಣ್ಣನ ಸಿಟ್ಟು ಸುಳ್ಳೂ ಅಲ್ಲ. ಅವರಿಗೆ ಆಗಿದ್ದು ದುಡ್ಡಿನ ನಷ್ಟ ಅಲ್ಲ. ಮೊದಲು ಕಣ್ಣು ಮುಚ್ಚಿ ಆಡ್ತಿದ್ರು, ಈಗ ಒಂದು ಕಣ್ಣು ಬಾಗಿಲ ಮೇಲೆ ಇಟ್ಟೇ ಆಡ್ತಾರೆ. ಬಾಡಿಗೆ ಮನೆ ಓನರ್ ಒಂದು ಸಲ "ಖಾಲಿ ಮಾಡಿ" ಅಂದು, ಆಮೇಲೆ "ಬೇಡ ಬಿಡಿ, ಇರಿ" ಅಂದ್ರೆ ಇರ್ತೀವಿ. ಆದ್ರೆ ಗೋಡೆಗೆ ಹೊಸ ಮೊಳೆ ಹೊಡೆಯೋಕೆ ಮನಸ್ಸು ಬರಲ್ಲ.

ಆ ಭಾನುವಾರ ಆಟ ನಡೀಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಸಾವಿರಾರು ಮೈಲಿ ಆಚೆ ಯಾವುದೋ ಮೀಟಿಂಗಲ್ಲಿ ಯಾರೋ ಮಾಡಿದ ಸ್ಲೈಡು, ಮೂರು ವರ್ಷ ದಾಟಿ ಬಂದು ಉಡುಪಿಯ ಒಂದು ರೂಮಲ್ಲಿ ಇಬ್ಬರ ನಡುವೆ ಕೂತಿತ್ತು. ಆ ಸ್ಲೈಡ್ ಮಾಡಿದವರಿಗೆ ನಾವು ಇದ್ದೀವಿ ಅಂತಾನೂ ಗೊತ್ತಿಲ್ಲ.

10/11

ಮೂರನೇ ವಾರ ಅಣ್ಣನೇ ಬಂದ್ರು, ಕಾಲೇಜ್ ಹತ್ರದ ಝೆರಾಕ್ಸ್ ಅಂಗಡಿ ಕವರ್ ಹಿಡ್ಕೊಂಡು. ಒಳಗೆ ಎಸ್‌ಆರ್‌ಡಿ 5.1. ಪೂರ್ತಿ ಅಲ್ಲ, ಅದು 400 ಪುಟ ದಾಟುತ್ತೆ. ನಮಗೆ ಬೇಕಾದ ಅರವತ್ತು ಪುಟ.

"ಇದು ಯಾರಪ್ಪಂದೂ ಅಲ್ಲ. ಕನ್ನಡ ಮಾಡ್ಬಹುದು, ಮಾರಲೂಬಹುದು, ಯಾರ್ದು ಅಂತ ಕ್ರೆಡಿಟ್ ಹಾಕಿದ್ರೆ ಸಾಕು. ಮಾಡೋಣ್ವಾ?" ಅಂದ್ರು.

ಹೀಗೆ ಶುರುವಾಗಿದ್ದು ಐದನೇ ಫೋಟೋದ ಆ ನೋಟ್‌ಬುಕ್. ಮೊದಲ ಪುಟದಲ್ಲಿ ವಿಝರ್ಡ್ಸ್ ಹೆಸರಿನ ಕ್ರೆಡಿಟ್ ಸಾಲು, ಅಣ್ಣನ ಕೈಬರಹ. ಹಲ್ಲು ಕಚ್ಚಿಕೊಂಡೇ ಬರೆದ್ರು ಅನ್ಸುತ್ತೆ, ಅಕ್ಷರ ಒತ್ತಿ ಹಿಂದಿನ ಪುಟಕ್ಕೂ ಮೂಡಿದೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನೋ ಹೆಸರನ್ನ ಮುಖಪುಟಕ್ಕೆ ಹಾಕಿಲ್ಲ, ಅದು ಟ್ರೇಡ್‌ಮಾರ್ಕ್, ಬೇರೆ ವಿಷಯ.

ಪದಗಳ ಜಗಳ ಮಾತ್ರ ಆಟಕ್ಕಿಂತ ಜೋರು. ಹಿಟ್ ಪಾಯಿಂಟ್‌ಗೆ 'ಪ್ರಾಣ', ಇದಕ್ಕೆ ಯಾರ ತಕರಾರೂ ಇಲ್ಲ. ಶಾರ್ಟ್ ರೆಸ್ಟ್‌ಗೆ 'ವಿಶ್ರಾಂತಿ' ಅಂದ್ರೆ ರೈಲ್ವೆ ಸ್ಟೇಷನ್ ಬೋರ್ಡ್ ಥರ ಇದೆ ಅಂತ 'ಚಾ ಹೊತ್ತು' ಆಯ್ತು. ಡಂಜನ್ ಮಾಸ್ಟರ್‌ಗೆ 'ಭಾಗವತ', ಬೇರೆ ಪದ ಯೋಚನೆಗೇ ಬರಲಿಲ್ಲ. ಸೇವಿಂಗ್ ಥ್ರೋ ಅಂತ ಒಂದಿದೆ: ಬೆಂಕಿ ನಿಮ್ಮ ಮೇಲೆ ಬರ್ತಿದೆ, ತಪ್ಪಿಸ್ಕೊಳ್ತೀರೋ ಇಲ್ವೋ ಅಂತ ಹಾಕೋ ದಾಳ. ನಾನು 'ರಕ್ಷಣಾ ದಾಳ' ಅಂದೆ. "ಬ್ಯಾಂಕ್ ಸ್ಕೀಮ್ ಹೆಸರಾ?" ಅಂತ ನಕ್ಕರು. ತಂಗಿ ಹೇಳಿದ 'ಪಾರು ದಾಳ' ಉಳೀತು.

ಓಜಿಎಲ್ 1.1 ಆ ದಿನ ಜಾರಿಗೆ ಬಂದು, ನಾವು ಅದರ ಕೆಳಗೆ ಇದನ್ನ ಹೊರಗೆ ತಂದಿದ್ರೆ, ಈ 'ಪಾರು ದಾಳ'ವನ್ನೂ ಅವರು ಕೇಳದೆ ಎತ್ಕೊಂಡು ಹೋಗಬಹುದಿತ್ತು. ಅಲ್ಲಿ ಯಾರಿಗೋ ಚಂದಾ ರದ್ದು ಮಾಡೋ ಬಟನ್ ಒತ್ತೋಕೆ ಮನಸ್ಸು ಬಂತು, ಸಾವಿರಗಟ್ಟಲೆ ಜನ ಕೂತು ಸಮೀಕ್ಷೆ ತುಂಬಿದ್ರು, ಅದಕ್ಕೇ ಇಲ್ಲಿ ಈ ನೋಟ್‌ಬುಕ್ ನಮ್ಮದು. ನನಗೆ ಅವರಲ್ಲಿ ಅಣ್ಣನೊಬ್ಬರೇ ಗೊತ್ತು.

11/11

ಹಾಗಾದ್ರೆ ಆ ಹೊಸ ಹ್ಯಾಂಡ್‌ಬುಕ್ ಏನಾಯ್ತು ಅಂತ ಕೇಳ್ತೀರಾ? ಇದೆ. ಅಣ್ಣ ವಾಪಸ್ ಕೊಡಲಿಲ್ಲ, ಓದೂ ಇಲ್ಲ ಅಂತಾರೆ. ಆದ್ರೆ ಹೋದ ವಾರ ಮಾಂತ್ರಿಕರ ಪಾಠ ಇರೋ ಜಾಗದಲ್ಲಿ ಬಸ್ ಟಿಕೆಟ್ ಬುಕ್‌ಮಾರ್ಕ್ ಸಿಕ್ತು. ತಂಗಿ ನೋಡಿದ್ಲು, ಏನೂ ಹೇಳಲಿಲ್ಲ, ಟಿಕೆಟ್ ಅಲ್ಲೇ ಇಟ್ಟು ಮುಚ್ಚಿದ್ಲು.

ನಿಮ್ಮ ಪ್ರಶ್ನೆಗೆ ನನ್ನ ಮಟ್ಟಿಗಿನ ಉತ್ತರ: ಹೌದು, ಆಡ್ತೀವಿ. ಕಂಪನಿಯನ್ನ ಕ್ಷಮಿಸಿದ್ದೀವಾ ಅಂದ್ರೆ ಐದು ಜನರದ್ದು ಐದು ಉತ್ತರ. ಹೊಸದಾಗಿ ಶುರು ಮಾಡೋರು ದುಡ್ಡು ಖರ್ಚು ಮಾಡೋ ಮೊದಲು ಎಸ್‌ಆರ್‌ಡಿ ಇಳಿಸ್ಕೊಂಡು ನೋಡಿ, ಫ್ರೀ ಇದೆ. 2025ರಲ್ಲಿ ಹೊಸ ನಿಯಮದ 5.2 ಕೂಡ ಅದೇ ಕ್ರಿಯೇಟಿವ್ ಕಾಮನ್ಸಲ್ಲಿ ಬಂದಿದೆ. ಪಾತ್‌ಫೈಂಡರ್ ನಿಯಮಗಳೂ ಫ್ರೀಯಾಗಿ ಸಿಗುತ್ತೆ. ಪುಸ್ತಕ ಕೊಳ್ಳೋಕೆ ಇಷ್ಟ ಆದ್ರೆ ಕೊಳ್ಳಿ, ನಮ್ಮ ಟೇಬಲಲ್ಲಿ ಯಾರೂ ಬಿಲ್ ಕೇಳಲ್ಲ. ರಶೀದಿ ಕೇಳೋದು ಗುಂಡಾಭಟ್ಟ ಮಾತ್ರ.

ಅಣ್ಣನ ಎಂಕಾಂ ಈ ಮೇ ತಿಂಗಳಿಗೆ ಮುಗಿಯುತ್ತೆ. ಅಷ್ಟರೊಳಗೆ ಅರವತ್ತು ಪುಟ ಮುಗಿಸಬೇಕು, ಮೂವತ್ತೇಳು ಆಗಿದೆ. 'ಡ್ರೂಯಿಡ್' ಅನ್ನೋದಕ್ಕೆ ಪದ ಸಿಕ್ತಿಲ್ಲ. ಕಾಡಿನ ಶಕ್ತಿ ಒಲಿದವನು, ಪ್ರಾಣಿ ರೂಪ ತಾಳೋನು. 'ವನಯೋಗಿ' ಅಂದ್ರೆ ಆಯುರ್ವೇದದ ಸೋಪಿನ ಹಾಗಿದೆ, 'ಕಾಡುಸಿದ್ಧ' ಅಂದ್ರೆ ಯಾವುದೋ ಮಠದ ಹೆಸರಾಗುತ್ತೆ ಅಂತ ತಂಗಿ ಒಪ್ತಿಲ್ಲ. ನಿಮಗೆ ಒಳ್ಳೇದು ಹೊಳೆದ್ರೆ ಡಿಎಂ ಮಾಡಿ. ಡಂಜನ್ ಮಾಸ್ಟರ್ ಅಲ್ಲ ಮಾರಾಯ್ರೆ, ಮೆಸೇಜು. ಒಪ್ಪಿಗೆ ಆದ್ರೆ ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರು ಬರುತ್ತೆ.